ಆರರಲ್ಲಿ ನಾಲ್ಕು

ಖಡಕಿ ಬಜಾರಿನಲ್ಲಿ ನನ್ನದು ಆರು ಅಡಿಯ ಅಂಗಡಿ.
ಒಂದು ಮಶೀನು, ಒಂದು ಬಲ್ಬು, ಕುಂಟು ಸ್ಟೂಲು.
ಎದೆಯ ಮೇಲಿನ ಹೆಸರು ಹೊಲಿಯುವುದು ಕಸುಬು.
ಯಾದವ, ತಮಾಂಗ, ಗಾಯಕವಾಡ –
ಮುಖ ನೋಡುವ ಮೊದಲು
ಅಕ್ಷರ ಎಣಿಸುವ ಚಟ ನನಗೆ.

ಅವನು ಬಂದದ್ದು ಗಣಪತಿ ಮುಳುಗಿದ ಮರುದಿನ,
ಬೀದಿಯಲ್ಲಿ ಇನ್ನೂ ಗುಲಾಲು.
ಮರಾಠಿಯಲ್ಲಿ ಶುರು ಮಾಡಿದವನು
ನನ್ನ ಲೆಕ್ಕದ ವಹಿಯಲ್ಲಿ ಕನ್ನಡದ ಅಂಕಿ ಕಂಡು
‘ಏ, ನೀವು ನಮ್ಮಾವ್ರೇನು?’ ಅಂದ.
ಆಮೇಲೆ ಅರ್ಧ ತಾಸು ಸ್ಟೂಲು ಬಿಡಲಿಲ್ಲ.

ಭೀಮಾಶಂಕರ ನಾಟೀಕಾರ.
ಪಟ್ಟಿಯಲ್ಲಿ ಹಿಡಿಯುವುದಿಲ್ಲ ಅಂದೆ.
‘ಎಲ್ಲೂ ಹಿಡದಿಲ್ಲರಿ ಅದು.
ಸಾಲ್ಯಾಗ ಭೀಮ್ಯಾ, ಪಲ್ಟನ್ನಾಗ ಶಂಕರ,
ನಮ್ಮವ್ವಗ ಸಿಟ್ಟು ಬಂದಾಗಷ್ಟ ಪೂರಾ ಹೆಸರು.’
ಇಂಗ್ಲಿಷಿನ ಹನ್ನೆರಡು ಅಕ್ಷರದಲ್ಲಿ ಒಂದನ್ನುಳಿಸಿ
ಪಕ್ಕಕ್ಕೆ ಒಂದು ಚುಕ್ಕಿ ಇಟ್ಟೆ.

ಆರು ಪಟ್ಟಿ ಹೇಳಿದ್ದ. ನಾಲ್ಕು ಒಯ್ದ.
‘ಎರಡು ಇಟ್ಕೊಂಡಿರ್ರಿ, ವಾಪಸ್ ಬಂದು ಹೊಸ ಡ್ರೆಸ್ಸಿಗೆ ಹಚ್ಚತೀನಿ.
ರೊಕ್ಕನೂ ಅವಾಗ.’
ಕಾಂಗೋ ಅಂದರೆ ಎಲ್ಲಿ ಎಂದು ಕೇಳಿದೆ.
ನನ್ನ ಸುಣ್ಣದ ಬಿಲ್ಲೆ ಎತ್ತಿಕೊಂಡು
ಮೇಜಿನ ಮೇಲೆ ಆಫ್ರಿಕ ಬರೆದ,
ಅದು ಅಂಗಿಯ ತೋಳಿನ ಹಾಗೆ ಬಂತು.
ಮೊಣಕೈ ಇರುವಲ್ಲಿ ಬೆರಳಿಟ್ಟು
‘ಇಲ್ಲಿ. ರಸ್ತಾ ಹಾಕೋದದ. ಜಗಳ ಅವರದು,
ನಮ್ಮದು ಬರೇ ನೀಲಿ ಟೊಪಗಿ.’

ಆ ಗೆರೆಗಳ ಮೇಲೆ ಅದೇ ಸಂಜೆ
ಯಾರದೋ ಪ್ಯಾಂಟು ಹಾಸಿ ಕತ್ತರಿಸಿದೆ.

ಮಾರ್ಚಿನಲ್ಲಿ ಹವಾಲ್ದಾರ ಥೋಪ್ಟೆ ಬಂದ.
ಹೂಚಕ್ರಕ್ಕೆ ಕಟ್ಟುವ ಎರಡು ಮಾರು ರೇಷ್ಮೆ ಪಟ್ಟಿ.
ಜಾಗ ಬೇಕಾದಷ್ಟಿದೆ, ಪೂರ್ತಿ ಹೆಸರು ಹಾಕು
ಎಂದು ಚೀಟಿ ಕೊಟ್ಟ.
ಎಣಿಸಿದೆ.
ಹನ್ನೆರಡಕ್ಕೆ ಬಂದಾಗ ಗೊತ್ತಾಯಿತು.

ನಸುಕಿನಲ್ಲಿ ಕ್ಯಾಂಪಿಗೆ ನುಗ್ಗಿದರಂತೆ, ಗೇಟಿನಲ್ಲಿ ಇವನಿದ್ದನಂತೆ.
ಥೋಪ್ಟೆ ಇನ್ನೂ ಏನೋ ಹೇಳುತ್ತಿದ್ದ.
ಮಶೀನು ಓಡುವಾಗ ಮಾತು ಕೇಳಿಸುವುದಿಲ್ಲ.
ಮಶೀನು ಓಡಿಸಿದೆ.

ಆ ಭಾನುವಾರ ಹೊಳೆಯಾಚೆ ಹೋಗದೆ
ಮಹಾಯುದ್ಧದವರ ಸಮಾಧಿ ತೋಟಕ್ಕೆ ಹೋದೆ.
ಇಪ್ಪತ್ತು ವರ್ಷದಿಂದ ಖಡಕಿಯಲ್ಲಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ.
ಹುಲ್ಲು ಈಗಷ್ಟೇ ಕತ್ತರಿಸಿದ ವಾಸನೆ.
ಸಾಲು ಸಾಲು ಬಿಳಿ ಕಲ್ಲು: ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತು.
ಕಲ್ಲಿನ ಮೇಲೂ ಕೆಲವು ಹೆಸರು ಹಿಡಿದಿರಲಿಲ್ಲ,
ಒಂದಕ್ಷರ, ಒಂದು ಚುಕ್ಕಿ.
ಎಲ್ಲಿಯದೋ ಚಳಿಯೂರಿನಲ್ಲಿ ಯಾರೋ ತಾಯಂದಿರು
ಖಡಕಿ ಎಂಬುದನ್ನು ತಪ್ಪು ತಪ್ಪಾಗಿ ಅನ್ನುತ್ತಲೇ
ಮುದುಕಿಯರಾಗಿ ಹೋಗಿರಬೇಕು,
ನಾನು ಅವನು ಸತ್ತ ಊರನ್ನು ಅನ್ನುವ ಹಾಗೆ.
ಪೈಪು ಹಿಡಿದ ಮಾಲಿ ಕೇಳಿದ, ನಿಮ್ಮವರು ಯಾರಾದರೂ?
ಹೌದೋ ಅಲ್ಲವೋ ತಿಳಿಯದ ಹಾಗೆ
ತಲೆ ಅಲ್ಲಾಡಿಸಿದೆ.

ಜೂನಿನಲ್ಲಿ ಅವನವ್ವ ಬಂದಳು ಸೊಲ್ಲಾಪುರದಿಂದ.
ರೆಕಾರ್ಡ್ ಆಫೀಸಿಗೆ ಮೂರನೇ ಸಲ,
ಪ್ಲಾಸ್ಟಿಕ್ ಚೀಲದಲ್ಲಿ ಕಾಗದ.
‘ಕನ್ನಡ ಮಾತಾಡೋ ಸಿಂಪಿಗರ ಅಂಗಡಿ ಇದೇನು?
ಫೋನಿನ್ಯಾಗ ಹೇಳಿದ್ದ.’

ಬೆರಳ ತುದಿಗೆ ತಂಬಾಕಿನ ಕಂದು,
ದಿನಕ್ಕೆ ಸಾವಿರ ಬೀಡಿ ಕಟ್ಟುವ ಕೈ.
ಗುಂಡಿಯ ಡಬ್ಬಿಯಿಂದ ಆ ಎರಡು ಪಟ್ಟಿ ತೆಗೆದುಕೊಟ್ಟೆ.
ಅಳುತ್ತಾಳೆಂದು
ನೀರಿನ ತಂಬಿಗೆ ಹತ್ತಿರ ಎಳೆದಿಟ್ಟಿದ್ದೆ.

ಅವಳು ಅಕ್ಷರ ನೋಡಲಿಲ್ಲ.
ತಿರುವಿ ಬೆನ್ನು ನೋಡಿದಳು, ಅಲ್ಲಿ
ಹೆಸರು ಬರೀ ಗಂಟು.
ಉಗುರಿನಿಂದ ಒಂದೆಳೆ ಜಗ್ಗಿದಳು. ಬಿಡಲಿಲ್ಲ.
‘ದಾರ ಗಟ್ಟಿ ಹಾಕೀರಿ’ ಅಂದಳು,
ಕಸುಬಿನವರು ಕಸುಬಿನವರಿಗೆ ಹೇಳುವ ಹಾಗೆ.

ಆಮೇಲೆ ಸೆರಗಿನ ಗಂಟು ಬಿಚ್ಚಿ ‘ಎಷ್ಟಾತು?’
ಬೇಡವ್ವ ಅಂದೆ.
‘ಬಾಕಿ ಇಡೋ ಮಗ ಅಲ್ಲ ಅಂವಾ.’
ಆರು ಪಟ್ಟಿಗೆ ನೂರಿಪ್ಪತ್ತು.
ಹತ್ತರ ನೋಟು ಒಂದೊಂದಾಗಿ ಎಣಿಸಿದಳು,
ಎಲ್ಲಕ್ಕೂ ಬೀಡಿಯೆಲೆಯ ವಾಸನೆ.

ಒಂದು ಪಟ್ಟಿ ಚೀಲಕ್ಕೆ ಹಾಕಿಕೊಂಡಳು.
ಇನ್ನೊಂದನ್ನು ಡಬ್ಬಿಯತ್ತ ಸರಿಸಿ,
‘ಇದು ಇಲ್ಲೇ ಇರಲಿ.
ಆಫೀಸಿನವ್ರು ಮತ್ತ ಬಾ ಅಂದಾರ.
ಬಂದಾಗ ಇಲ್ಲಿ ಕೂಡಾಕ
ನನಗೂ ಒಂದು ನೆವ ಬೇಕಲ್ಲ.’