ಇಪ್ಪತ್ಮೂರನೆಯ ಸಾಲು

ಓಸ್ಲಾಳ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತು ಇದ್ದದ್ದನ್ನು
ಈ ಯೆಲ್ ದ್ವೀಪದಲ್ಲಿ ಕಂಡವರಿಲ್ಲ.
ಮುಚ್ಚಳ ತೆಗೆದರೆ ಕುರಿಯ ವಾಸನೆ, ಸೀಮೆಎಣ್ಣೆಯ ವಾಸನೆ,
ಒಳಗೆ ಚೀಟಿ, ಚೀಟಿ, ಬರೀ ಚೀಟಿ.
ಸಿಗರೇಟು ಪೊಟ್ಟಣ ಬಿಡಿಸಿ ಬರೆದ ಕಾಲುಚೀಲದ ಹಿಮ್ಮಡಿ,
ದೋಣಿಯ ವೇಳಾಪಟ್ಟಿಯ ಬೆನ್ನಿಗೆ ಎಂಟೆಸಳ ನಕ್ಷತ್ರ,
ಚರ್ಚಿನ ಹಾಳೆಯ ಅಂಚಿನಲ್ಲಿ, ಸಾವಿನ ಪ್ರಕಟಣೆಗೆ ಒತ್ತಿಕೊಂಡು,
ಎರಡು ಸೀದಾ, ಒಂದು ಉಲ್ಟಾ, ನೂಲು ಮುಂದೆ.

ಗುರುವಾರ ಸಂಜೆ ಸಭಾಭವನದ ಹೀಟರಿನ ಸುತ್ತ ನಾವು ಆರು ಮಂದಿ.
ಡಿಸೆಂಬರ್. ಮೂರಕ್ಕೇ ಕತ್ತಲು.
ಗಾಳಿ ಸಾಲ ವಸೂಲಿಗೆ ಬಂದವನಂತೆ ಬಾಗಿಲು ಬಡಿಯುತ್ತದೆ.

ನಾನು ಹೆಣೆಯುವುದಕ್ಕಿಂತ ಓದುವುದೇ ಹೆಚ್ಚು.
ರಾತ್ರಿ ಹಾಸಿಗೆಯಲ್ಲಿ ನಮೂನೆ ಹಿಡಿದು ಕೂತರೆ
‘ಎರಡನ್ನು ಕೂಡಿಸು’ ಎಂಬಲ್ಲಿ
ಕಂಬಳಿಯಡಿ ಬೆರಳುಗಳು ತಾವೇ ಕೂಡುತ್ತವೆ.
ನೂರೆಂಬತ್ತು ವರ್ಷ ಬದುಕಿದರೂ ಮುಗಿಯದಷ್ಟು ಉಣ್ಣೆ
ಮಂಚದಡಿ ಇದೆ ಎನ್ನುತ್ತಿದ್ದ ನನ್ನ ಲೌರಿ.
ಎಪ್ಪತ್ತೊಂದಕ್ಕೆ ಹೋದ. ಉಣ್ಣೆ ಇನ್ನೂ ಇದೆ.

ಆ ದಿನ ಡಬ್ಬಿಯ ತಳದಿಂದ ಬಂದದ್ದು
ಥಾಮಸೀನಾ ಅತ್ತೆಯ ಶಾಲಿನ ಕಾಗದ.
ಜೇಡನಿಗೂ ಹೊಟ್ಟೆಕಿಚ್ಚಾಗುವ ಹೆಣಿಕೆಯಂತೆ ಅದು;
ಉಂಗುರದೊಳಗೆ ತೂರಿಸಿದರೆ ಸರಾಗ ಜಾರುವಷ್ಟು ತೆಳು.
ಇಪ್ಪತ್ತೆರಡನೆಯ ಸಾಲು ಇದೆ, ಇಪ್ಪತ್ನಾಲ್ಕು ಇದೆ.
ನಡುವಿನದನ್ನು ಇಲಿ ತಿಂದಿದೆ.

ಇಪ್ಪತ್ತೆರಡು ಮುಗಿಯುವುದು ಐವತ್ತೆಂಟು ಕುಣಿಕೆಗೆ.
ಇಪ್ಪತ್ನಾಲ್ಕು ಶುರುವಾಗುವುದು ಅರವತ್ತೊಂದರಿಂದ.
ಮೂರು ಎಲ್ಲಿ ಹುಟ್ಟಿದವು?

‘ನಡುವೆ’ ಎಂದಳು ಸಿನ್ನಿ, ಹೆಣೆದೂ ತೋರಿಸಿದಳು.
‘ಅಂಚಿನಲ್ಲಿ’ ಎಂದಳು ಬಾಬಿ, ಸಿನ್ನಿಯ ಕಡೆ ನೋಡದೆ.
ಗಿಬ್ಬಿ, ನಲವತ್ತು ವರ್ಷ ಬಲೆ ತೇಪೆ ಹಾಕಿದವನು,
‘ಹರಿದ ಕಣ್ಣನ್ನು ಕೇಳಬಾರದು,
ಅದರ ಪಕ್ಕದ ಕಣ್ಣುಗಳನ್ನು ಕೇಳಬೇಕು’ ಎಂದು
ಚಹಾದಲ್ಲಿ ಬ್ರೆಡ್ಡು ಅದ್ದಿದ.

ಎರ್ಲೆಂಡ್‌ಗೆ ಹತ್ತೊಂಬತ್ತು. ಸಾಲ್ಮನ್ ಸಾಕಣೆಯಲ್ಲಿ ಕೆಲಸ.
ಫೋನು ನೋಡಿಕೊಂಡು ಕ್ರೋಶಾ ಕೊಕ್ಕೆಯಲ್ಲಿ
ಕಿತ್ತಳೆ ಬಣ್ಣದ ಆಕ್ಟೋಪಸ್ ಮಾಡುತ್ತಿದ್ದಾನೆ, ಯಾರ ಮಗುವಿಗೋ.
‘ಕೊಕ್ಕೆ ಇರುವುದು ಮೀನಿಗೆ’ ಎಂದು ಓಸ್ಲಾ
ಮೂರು ವಾರದಿಂದ ಅವನ ಕಡೆ ಬೆನ್ನು ಹಾಕಿ ಕೂತಿದ್ದಾಳೆ.
ಅವನೇ ಮೀನಿನ ಮೇವಿನ ಲೆಕ್ಕದ ಹಾಳೆ ತಿರುವಿ
ಚೌಕ ಚೌಕ ಗೆರೆ ಎಳೆದ, ಹಸಿರು ಪೆನ್ನಲ್ಲಿ ತೂತು ತುಂಬಿದ.
ಆರು ಜನ, ಆರು ಇಪ್ಪತ್ಮೂರು. ಎಲ್ಲವೂ ಚೆಂದ.
ಓಸ್ಲಾ ಮಾತ್ರ ತುಟಿ ಬಿಚ್ಚಲಿಲ್ಲ.

ಮುಂದಿನ ಗುರುವಾರ ಶಾಲನ್ನೇ ತಂದಳು,
ದಿಂಬಿನ ಚೀಲದಲ್ಲಿ, ನೀಲಿ ಕಾಗದ ಸುತ್ತಿ.
ಮೇಜಿನ ಮೇಲೆ ಕಪ್ಪು ಕೋಟು ಹಾಸಿ ಅದರ ಮೇಲೆ ಬಿಡಿಸಿದೆವು.
ಉಸಿರು ಬಿಟ್ಟರೂ ಏಳುತ್ತದೆ ಅಂಚು.
ಗಿಬ್ಬಿ ಟಾರ್ಚು ಹಿಡಿದ. ನಾನು ಎಣಿಸಿದೆ. ಮತ್ತೆ ಎಣಿಸಿದೆ.

ಎಣಿಕೆ ತಪ್ಪಿದರೆ ಹೆಣಿಕೆ ತಪ್ಪಿತು ಎಂದು
ಊರಿನ ಹುಡುಗಿಯರ ಬೆರಳಿಗೆ ಹೊಡೆಯುತ್ತಿದ್ದ ಥಾಮಸೀನಾ
ಅಲ್ಲಿ ಎಣಿಕೆ ತಪ್ಪಿದ್ದಳು.
ಎಡಕ್ಕೆ ಎರಡು ಜಾಸ್ತಿ, ಬಲಕ್ಕೆ ಏನೂ ಇಲ್ಲ,
ನಡುವೆಲ್ಲೋ ಒಂದು ಗಂಟು, ಕಂಡೂ ಕಾಣದಂತೆ;
ಅಲ್ಲಿಂದ ಮುಂದೆ ಏನೂ ಆಗಲೇ ಇಲ್ಲವೆಂಬಂತೆ ಅರವತ್ತೊಂದು.
ಕೆಟಲು ಉಕ್ಕಿತೋ, ಬಾಗಿಲಿಗೆ ಯಾರಾದರೂ ಬಂದರೋ.

ನಾವು ಸುಮ್ಮನಿದ್ದೆವು.
ಮೊದಲು ನಕ್ಕದ್ದು ಓಸ್ಲಾ.
‘ನನ್ನ ಗಿಣ್ಣು ಇನ್ನೂ ನೋಯುತ್ತದೆ, ಮಾರಾಯ್ತಿ’ ಎಂದು
ಶಾಲಿಗೇ ಹೇಳಿದಳು.
ಆಮೇಲೆ ಎರ್ಲೆಂಡನ ಹಸಿರು ಪೆನ್ನು ಕೇಳಿ ಪಡೆದು
ಇಲಿ ತಿಂದ ಜಾಗಕ್ಕೆ ತೇಪೆ ಹಚ್ಚಿ ಬರೆದಳು:
೨೩. ಮೂರು ಸೇರಿಸು. ಎಲ್ಲಾದರೂ.

ಪೆನ್ನು ಹಿಂದೆ ಕೊಡುವಾಗ ಕೊಕ್ಕೆಯನ್ನು ಇಸಕೊಂಡಳು.
ಸತ್ತ ಮೀನು ಹಿಡಿದಂತೆ ದೂರ ಹಿಡಿದು
ಒಂದು ಸರಪಳಿ ಹಾಕಿದಳು, ಗೇಣುದ್ದ.
ತುದಿ ಎಳೆದಳು:
ಸರ್ರನೆ ಬಿಚ್ಚಿಹೋಯಿತು, ಅಷ್ಟೂ.
ಎಂಬತ್ತಾರರ ಹೆಂಗಸು ಕಣ್ಣರಳಿಸಿ
‘ಇನ್ನೊಂದು ಸಲ’ ಎಂದಳು.