ಎರಡನೇ ಗೇಟಿನ ಹತ್ರ

ಮೂರು ಲಿಪಿಯೊಳಗ ಬೋರ್ಡ್ ಬರಸ್ಯಾನ ಸಾಂಬ್ರೇಕರ:
'ಬೆಳಗಾವಿಯ ಮೊಟ್ಟಮೊದಲ ಚೀಜ್ ಬರ್ಗರ್.'
ಮೂರೂ ಒಂದ ಅಳತಿ, ಸ್ಕೇಲ್ ಹಿಡಿದು,
ಯಾರೂ ಕಲ್ಲು ಒಗೀಬಾರದಂತ.

ನನ್ನ ಗಾಡಿಗೆ ಬೋರ್ಡಿಲ್ಲ.
ರೈಲು ಬಂದ್ರ ಗೇಟು ಬೀಳತೈತಿ,
ಗೇಟು ಬಿದ್ರ ಟಿಳಕವಾಡಿ ಮಂದಿಗೆ
ಹಸಿವು ನೆನಪಾಗತೈತಿ.
ಇಷ್ಟ ನನ್ನ ಜಾಹೀರಾತು.

ಬನ್ನು ತರೋ ಇನಾಸ ಹೇಳಿದ, ಸೈಕಲ್ಲಿನಿಂದ ಇಳೀದನ:
'ಸುಶೀಲಾಬಾಯಿ, ಅಮೆರಿಕಾದಾಗೂ ಇದ ಜಗಳ.
ಒಂದೂರು ಅಂತೈತಿ ನಮ್ಮಲ್ಲೇ ಹುಟ್ಟಿದ್ದು,
ಇನ್ನೊಂದೂರು ಕಲ್ಲು ನೆಟ್ಟೈತಿ,
ಮತ್ತೊಬ್ಬಾಂವ ಬರೇ ಹೆಸರು ಬರಕೊಂಡು ಕುಂತಿದ್ನಂತ
ಸರಕಾರಿ ರಿಜಿಸ್ಟರದಾಗ.
ಯಾವದೋ ಹುಡುಗ ಮಾಂಸದ ಟಿಕ್ಕಿ ಹೊತ್ತಿಸಿ
ಕರೀ ಕಲೆ ಕಾಣಬಾರದಂತ ಚೀಜ್ ಹೊದಿಸಿದ, ಅದ ಶುರು
ಅನ್ನವರೂ ಅದಾರ.'

ನಕ್ಕೆ. ನಮ್ಮ ಕುಂದಾದ ಕಥಿನೂ ಇದ ಅಲ್ಲೇನೋ?
ಒಲಿ ಮ್ಯಾಲ ಹಾಲಿಟ್ಟು ಮರತಾಂವ ಯಾವನೋ,
ತಳ ಹಿಡಿದು ಕಂದಾದ ಮ್ಯಾಲ ಕೆರದು, ನೆಕ್ಕಿ,
ಯಾರಿಗೂ ಹೇಳದ ತೂಕಕ್ಕ ಹಾಕಿದ.
ಎರಡು ರಾಜ್ಯ ಹಗ್ಗ ಜಗ್ಗೋ ಊರಾಗ ಹುಟ್ಟಿ ಬೆಳದಾಕಿ ನಾ,
'ಮೊದಲು ಯಾರದು' ಅಂದ್ರ
ನಂಗ ಆಕಳಿಕಿ ಬರತೈತಿ.

ಹಾಂಗ ನೋಡಿದ್ರ ಎಷ್ಟು ನಮೂನಿ!
ಕ್ಯಾಂಪಿನ ಸಿಪಾಯಿಗೆ ಖೀಮಾ, ಮ್ಯಾಲ ಒಡದ ತತ್ತಿ.
ಅನಗೋಳದ ಜೈನರ ಹುಡುಗಗ ಬಟಾಟಿ ಇಲ್ಲ, ಉಳ್ಳಾಗಡ್ಡಿ ಇಲ್ಲ,
ಬಾಳಿಕಾಯಿ ಅರದು, ಬ್ಯಾರೆ ಹಂಚಿನ ಮ್ಯಾಲ.
ವಡಗಾವಿ ನೇಕಾರರು ಪಾಳಿ ಮುಗಿಸಿ ಬಂದ್ರ
ಅಗಸಿ ಚಟ್ನಿಪುಡಿ ಉದುರಿಸಲೇಬೇಕು, ಕಿವಿಯೊಳಗ ಇನ್ನೂ ಮಗ್ಗ,
ಹಿಂಗಾಗಿ ಕೂಗಿ ಕೇಳ್ತಾರ.
ಮೆಡಿಕಲ್ ಹುಡುಗರು ಎರಡು ಚೀಜ್ ತಿಂದು
ಒಂದರ ರೊಕ್ಕ ಕೊಡ್ತಾರ.
ನೀಲಗಂಗವ್ವ ಅಂತೂ, ಹಲ್ಲಿಲ್ಲದ ಬಾಯಿ,
'ಆ ಹಳದಿ ರಬ್ಬರ್ ಬ್ಯಾಡವಾ, ಕೆನಿ ಹಚ್ಚು' ಅಂತಾಳ.
ಹಚ್ಚತೀನಿ. ಅದಕ್ಕೂ ಬರ್ಗರ್ ಅಂತನ ಲೆಕ್ಕ ಬರೀತೀನಿ.

ಖರೇ ಹೇಳ್ಲಿ?
ಹನ್ನೊಂದು ವರ್ಷದ ಹಿಂದ, ಗೇಟು ಬಿದ್ದಿತ್ತು.
ಲೋಂಡಾ ಕಡಿ ಹೊಂಟ ಗೂಡ್ಸ್.
ಡಬ್ಬಿ ಎಣಿಸ್ತಾ ನಿಂತೆ, ಸಣ್ಣಾಕಿ ಇದ್ದಾಗಿನ ಚಟ;
ಐವತ್ತಾರಕ್ಕ ಮೂಗಿಗೆ ವಾಸನಿ ಬಡೀತು.
ಟಿಕ್ಕಿ ಕರಕಾಗಿತ್ತು.

ನರ್ಸಿಂಗ್ ಕಲಿಯೋ ಹುಡುಗಿ, ಬಿಳೀ ಬೂಟು,
'ಹೊತ್ತಿದ್ದ ಕೊಡ್ರೆಲಾ ಅಕ್ಕಾ, ಕಡಿಮಿಗೆ' ಅಂದ್ಲು.
ಬ್ಯಾಗಿನಿಂದ ತಗದ್ಲು ಒಂದು ಚೀಜಿನ ಚೌಕ,
ಊಟ ಬ್ಯಾಡಂದ ಪೇಶಂಟನ ತಾಟಿನಾಗ ಉಳದಿದ್ದಂತ.
ಪ್ಲಾಸ್ಟಿಕ್ ಸುಲಿದು ಕರೀದರ ಮ್ಯಾಲ ತಾನ ಇಟ್ಲು.
ನಾಕೂ ಮೂಲಿ ಮೆಲ್ಲಕ ಬಾಗಿದವು
ನಿದ್ದಿ ಹತ್ತಿದ ಕೂಸಿನ ಕೈಕಾಲಿನಂಗ.
ಅರ್ಧ ಮುರದು ನಂಗ ಕೊಟ್ಲು.
ನಾ ಮಾರಾಕಿ, ನಂಗ ಕೊಟ್ಲು!

ಗೇಟು ಎದ್ದಿತು. ಹೋದ್ಲು.
ಎದಿ ಮ್ಯಾಲಿನ ಹೆಸರಿನ ಪಟ್ಟಿ ತಿರುವಿ ಬಿದ್ದಿತ್ತು,
ಓದಾಕ ಆಗಲಿಲ್ಲ.

ಅವತ್ತ ಹಿಂದ ಸ್ಕೂಟರ್ ಮ್ಯಾಲ ನಿಂತಾಂವ ಸಾಂಬ್ರೇಕರ.
ಅಂವ ಮರುದಿನ ಚೀಜ್ ತಂದು ಮಾರಿದ,
ನಾ ನಾಕು ದಿನ ಬಿಟ್ಟು.
ಅಂದ್ರ ಬೋರ್ಡ್ ಸುಳ್ಳಲ್ಲ. ಪೂರಾ ಖರೇನೂ ಅಲ್ಲ.

ಹೋದ ತಿಂಗಳ ಅವನ ಸಿಲಿಂಡರ್ ನಡುಸಂಜಿಗೆ ಮುಗದು
ನನ್ನ ಕಡೆ ಇಸಗೊಳ್ಳಾಕ ಬಂದಿದ್ದ.
ತಲಿ ಕೆರಕೊಂತ, 'ವಹಿನಿ, ಬೋರ್ಡ್ ತಗದಬಿಡ್ಲೇನು?' ಅಂದ.
'ಇರಲಿ ಬಿಡೋ, ಪೇಂಟಿಗೆ ರೊಕ್ಕ ಕೊಟ್ಟಿ.'

ಈಗೂ ದಿನದ ಕಡೀ ಟಿಕ್ಕಿ
ಒಂದೀಟು ಜಾಸ್ತಿ ಬಿಡತೀನಿ ಹಂಚಿನ ಮ್ಯಾಲ.
ಮರತಲ್ಲ.
ಬಿಳೀ ಬೂಟು ಕಂಡ್ರ ಕಾಲು ಬಿಟ್ಟು ಮುಖ ನೋಡತೀನಿ.
ಗೂಡ್ಸ್ ಬಂತು.
ಒಂದು, ಎರಡು, ಮೂರು...