ಅರ್ಧ ಕ್ಯಾಲೆಂಡರಿನ ಊರು

ದೊಡ್ಡಪೇಟೆಯಲ್ಲಿ ಮಹಡಿ ಮೇಲೆ ನಮ್ಮ ಸ್ಟುಡಿಯೋ.
ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು
ನೇರ ಜರ್ಮನಿಗೇ ಹೋಗುತ್ತಿದ್ದರು.

ಹನ್ನೆರಡಡಿ ಕೋರಾ ಬಟ್ಟೆ, ತಲೆಗೊಂದು ಬಿದಿರು.
ಮೊನಚು ಗೋಪುರದ ಅರಮನೆ, ಅದರ ಕೆಳಗೆ ಕಪ್ಪು ಕಾಡು,
ಕಾಡಿನಂಚಿಗೆ ಕೆಂಪು ಹೆಂಚಿನ ಊರು,
ಬೀದಿಗೆ ಅಡ್ಡ ಕಟ್ಟಿದ ಬಣ್ಣದ ಲಾಟೀನು.
ಏನೋ ಹಬ್ಬ. ಯಾವ ಹಬ್ಬವೋ
ಬರೆದ ಪಾಲಯ್ಯನಿಗೂ ಗೊತ್ತಿರಲಿಲ್ಲ.
ಟಾಕೀಸಿಗೆ ಬ್ಯಾನರು ಬರೆಯುವವನು,
ಡಾಕ್ಟರ ಗೋಡೆಯ ಔಷಧಿ ಕಂಪನಿ ಕ್ಯಾಲೆಂಡರು
ನೋಡಿ ಬರೆದದ್ದು. ಅಪ್ಪ ಕೊಟ್ಟದ್ದು
ನಾನೂರು ರೂಪಾಯಿ, ಮೇಲೊಂದು ಊಟ.

ಏಳು ಸುತ್ತಿನ ಕೋಟೆಯ ಬುಡದಲ್ಲೇ ಹುಟ್ಟಿದವರು
ಏಳು ರೂಪಾಯಿ ಹೆಚ್ಚು ಕೊಟ್ಟು
ಆ ಕೋಟೆಯ ಮುಂದೆ ನಿಂತರು.
ಬುರುಜನಹಟ್ಟಿಯ ಸಾಕಮ್ಮ ಮೂಗುತಿ ಒರೆಸಿಕೊಂಡು,
ಕೆಳಗೋಟೆಯ ಮದುಮಕ್ಕಳು ನಡುವೆ ಒಂದಡಿ ಬಿಟ್ಟು,
ಬೀಡಿ ಕಟ್ಟುವ ಜೈತುನ್‌ಬಿ ಮೂರು ಮಕ್ಕಳನ್ನು
ಅರಮನೆಯ ಬಾಗಿಲು ಮುಚ್ಚುವಂತೆ ನಿಲ್ಲಿಸಿ.
‘ಅಲ್ಲಿ ಚಳಿ ಆಗಲ್ವೇನವ್ವಾ?’ ಅಂತ ಒಬ್ಬ ಅಜ್ಜ
ಮೇ ತಿಂಗಳಲ್ಲಿ ಕಂಬಳಿ ಹೊದ್ದೇ ಕೂತ.
ಆ ಫೋಟೋ ಚೆನ್ನಾಗಿ ಬಂದಿದೆ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು.
ಅಪ್ಪ ಹೋದರು. ನನಗೆ ಉಳಿದದ್ದು
ಪಾಸ್‌ಪೋರ್ಟ್ ಸೈಜು, ಝೆರಾಕ್ಸು, ಲ್ಯಾಮಿನೇಷನ್ನು,
ಗೋಡೆಗೆ ಈ ಪರದೆ.

ಶ್ರಾವಣದ ಒಂದು ಮಧ್ಯಾಹ್ನ ಉಲ್ರಿಕೆ ಬಂದಳು.
ಜೋಗಿಮಟ್ಟಿಯಾಚೆಯ ಗುಡ್ಡಸಾಲಿಗೆ
ಗಾಳಿಯಂತ್ರದ ರೆಕ್ಕೆ ರಿಪೇರಿಗೆಂದು ಬಂದವಳು,
ಮೊಣಕೈವರೆಗೆ ಗ್ರೀಸು, ಬೂಟಿನ ತುಂಬ ಕೆಮ್ಮಣ್ಣು.
ಪೊಲೀಸು ಕಚೇರಿಗೆ ಎಂಟು ಫೋಟೋ ಬೇಕಂತೆ.
ಕೂರಲಿಲ್ಲ. ಪರದೆಯೆದುರು ನಿಂತವಳು
ಕರೆಂಟು ಹೋಗಿ ಬರುವಷ್ಟು ಹೊತ್ತು ನಿಂತೇ ಇದ್ದಳು.
‘ಇದು ಇವರೂರಂತೆ ಕಣಕ್ಕಾ,’ ಅಂದ ಡ್ರೈವರ್ ಬೋರೇಶ,
ತಾನೇ ನಂಬದ ದನಿಯಲ್ಲಿ.

ಅದು ನೀರು ಕುಡಿಯುವ ಊರಂತೆ.
ಕೀಲುನೋವಿನವರು, ನಿದ್ದೆ ಬಾರದವರು, ಹಿಂದೆ ರಾಜರೂ ರಾಣಿಯರೂ
ಲೋಟ ಹಿಡಿದು ಸಾಲಾಗಿ ನಿಂತು
ಉಪ್ಪುಪ್ಪು ಬುಗ್ಗೆಯ ನೀರು ಕುಡಿದು, ಕಾಡಲ್ಲಿ ಅಡ್ಡಾಡಿ
ವಾಸಿಯಾಗಿ ಹೋಗುತ್ತಾರಂತೆ.
ನಗು ತಡೆದುಕೊಂಡೆ. ಸಾಲು ನಿಲ್ಲುವುದು ನಮಗೂ ಗೊತ್ತು,
ಕೊಡ ಹಿಡಿದು, ಟ್ಯಾಂಕರ್ ಬಂದಾಗ. ವಾಸಿಯೇನೂ ಆಗುವುದಿಲ್ಲ.
ಲಾಟೀನು? ದ್ರಾಕ್ಷಿ ಕೊಯ್ದು ಮುಗಿದ ಮೇಲಿನ ಹಬ್ಬ.
ಅವಳಜ್ಜಿ ಅವಕ್ಕೆ ಕಾಗದ ಅಂಟಿಸುತ್ತಿದ್ದಳಂತೆ.

ಆಮೇಲೆ ಬೆರಳು ಬಲಕ್ಕೆ ಸರಿಯಿತು.
‘ಇದು ಮಾತ್ರ ನಮ್ಮದಲ್ಲ.’
ಕಾಡು ಮುಗಿದಲ್ಲಿ ಬಂಡೆ, ಬಂಡೆಯ ಹೆಗಲೇರಿದ ಬಂಡೆ,
ಸುತ್ತಿ ಸುತ್ತಿ ಹತ್ತುವ ಗೋಡೆ, ನೆತ್ತಿಗೆ ದುಂಡು ಬತೇರಿ.
‘ದಿನಾ ಕಂಬದ ಮೇಲಿಂದ ನೋಡ್ತೀನಿ. ಇದು ನಿಮ್ಮದು.’

ಮೂವತ್ತೊಂದು ವರ್ಷ.
ಪರದೆಯೆದುರಿಗೇ ಕಿಟಕಿ. ಬೆಳಕು ಸೋರದಿರಲೆಂದು
ಅಪ್ಪ ಅದಕ್ಕೆ ಕಪ್ಪು ಪೇಪರು ಅಂಟಿಸಿದ್ದರು.
ಉಗುರಿಂದ ಕೆರೆದೆ. ಸುಲಿದೆ.
ಅದೇ ಬತೇರಿ. ಅದೇ ಬಂಡೆಗೆ
ಪಾಲಯ್ಯ ಕೊಟ್ಟ ನೆರಳೇ, ಮೂರು ಗಂಟೆಯದು.
ಕ್ಯಾಲೆಂಡರಿನ ಬಲಭಾಗ ಯಾರು ಹರಿದಿದ್ದರೋ, ಇಲಿ ತಿಂದಿತ್ತೋ,
ಪುಣ್ಯಾತ್ಮ ಯಾರನ್ನೂ ಕೇಳದೆ
ಉಳಿದದ್ದನ್ನು ಕಿಟಕಿಯಿಂದ ತುಂಬಿಸಿದ್ದ.

ಸಾಕಮ್ಮ, ಆ ಅಜ್ಜ, ಬಲಕ್ಕೆ ನಿಂತವರೆಲ್ಲ
ಪರದೇಶವೆಂದುಕೊಂಡು
ತಮ್ಮ ಗುಡ್ಡಕ್ಕೇ ಬೆನ್ನು ಮಾಡಿ ನಿಂತಿದ್ದಾರೆ.
ನಾನೂ. ಐದು ವರ್ಷ, ಎರಡು ಜಡೆ, ಒಂದೇ ರಿಬ್ಬನ್ನು.

ಕಚೇರಿಗೆ ಬಿಳಿ ಹಿನ್ನೆಲೆಯೇ ಆಗಬೇಕು.
ಪರದೆ ಸುತ್ತಿ, ಬೆಡ್‌ಶೀಟು ಕಟ್ಟಿ, ಎಂಟು ತೆಗೆದೆ.
ಮತ್ತೆ ಬಿಚ್ಚು ಅಂದಳು. ಒಂದು, ತನಗೆ.
ಅತ್ತ ಹೋದಳು, ಇತ್ತ ಬಂದಳು, ಕೊನೆಗೆ
ಕಾಡು ಬಂಡೆಗೆ ತಾಗುವಲ್ಲಿ
ಹಸಿರು ಸಾಲದೆ ಪಾಲಯ್ಯ ಬರೀ ಬಟ್ಟೆ ಬಿಟ್ಟ
ಗೆರೆಯ ಮೇಲೆ ನಿಂತಳು.
ನಗಲಿಲ್ಲ. ನಾನೂ ನಗಿ ಅನ್ನಲಿಲ್ಲ.

ಕಿಟಕಿಗೆ ಹೊಸ ಪೇಪರು ತರಬೇಕು, ತಂದಿಲ್ಲ.
ಅವಳಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ ಕೊಡುವುದಿದೆ.
ಲಕೋಟೆಯಲ್ಲಿಟ್ಟು, ಮೇಲೆ ಊರಿನ ಹೆಸರು ಬರೆಯಹೋದೆ.
ಕೇಳಿರಲೇ ಇಲ್ಲ.